ಬೇಡ ಅನ್ನಬಹುದಾದ ಸಾಲು

"ಇಷ್ಟವಿಲ್ಲದಿದ್ದರೆ ಬೇಡ ಎನ್ನಬಹುದು, ಯಾರೂ ಕಾರಣ ಕೇಳುವುದಿಲ್ಲ." ಒಪ್ಪಿಗೆ ಪತ್ರದ ಆ ಸಾಲನ್ನು ನಿಶ್ಚಿತಾ ಓದಿದ್ದೇ ತಡ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡಿದ್ದ ಚಿಕ್ಕಕ್ಕ ಕೈ ಹಿಂದೆಳೆದುಕೊಂಡಳು.

"ಅದನ್ನ ಇನ್ನೊಂದ್ಸಲ ಓದು."

ನಿಶ್ಚಿತಾ ಓದಿದಳು. ಮಂಗನ ಕಾಯಿಲೆಯ ಮೇಲಿನ ಅವಳ ಪಿಎಚ್‌ಡಿಗೆ ಇನ್ನೂರು ಜನರ ರಕ್ತ ಬೇಕಿತ್ತು. ಜಯಪುರದ ಈ ತೋಟದ ಕೂಲಿ ಲೈನಿನ ಮನೆಗಳಲ್ಲಿ ರಕ್ತ ಕೊಡಬೇಕಿದ್ದವರಲ್ಲಿ ಚಿಕ್ಕಕ್ಕನೇ ಕೊನೆಯವಳು.

"ಹಂಗಾರೆ ಬೇಡ."

ನಿಶ್ಚಿತಾ ಕಾರಣ ಕೇಳದೆ ಸೂಜಿಯ ಡಬ್ಬಿ ಮುಚ್ಚಿ, ಪತ್ರವನ್ನು ಚೀಲಕ್ಕಿಟ್ಟು ಎದ್ದಳು. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ದನಿ ಬಂತು.

"ಬಾ ಮಾರಾಯ್ತಿ, ಕೂತ್ಕ. ನಲವತ್ತು ವರ್ಷ ತೋಟದಲ್ಲಿ ದುಡ್ದೆ. ನಾನು ಬೇಡ ಅಂದಿದ್ದನ್ನ ಕೇಳಿದವ್ಳು ನೀನೇ ಮೊದಲು."

ಚಿಕ್ಕಕ್ಕ ಹೆಬ್ಬೆಟ್ಟು ಮುಂದೆ ಚಾಚಿ ಕೂತಿದ್ದಳು. ಶಾಯಿ ಇನ್ನೂ ಆರಿರಲಿಲ್ಲ.