ಮನೆಯಲ್ಲೇ ಬಳಿಯುವ ಬಣ್ಣ

ತಮ್ಮನ ವೈಕುಂಠ ಸಮಾರಾಧನೆ ಮುಗಿದ ಮರುದಿನ ಅವಳ ಗಂಡ ಕಾರಿನ ಮುಂದಿನ ಕಬ್ಬಿಣದ ಗಾರ್ಡ್ ಬಿಚ್ಚಿ, ಅಂಗಳದಲ್ಲಿ ಗೋಣಿ ಹಾಸಿಕೊಂಡು ಉಪ್ಪುಕಾಗದದಿಂದ ಉಜ್ಜುತ್ತ ಕೂತಿದ್ದ. ಪಕ್ಕದಲ್ಲಿ ಕಪ್ಪು ಪೇಂಟಿನ ಡಬ್ಬಿ.

"ಪೌಡರ್ ಕೋಟಿಂಗ್ ಮಾಡೋರಿಗೆ ಕೊಡಬಾರ್ದಾ? ಹತ್ತು ವರ್ಷ ಬಣ್ಣ ಬಿಡಲ್ವಂತೆ."

"ಮೂರೂವರೆ ಸಾವಿರ ಕೇಳ್ತಾನೆ ಕಣೇ. ನಾನೇ ಬಳಿದ್ರೆ ಮುನ್ನೂರರಲ್ಲಿ ಮುಗಿಯುತ್ತೆ."

"ಬಲ್ಬ್ ಹಾಕೋಕೂ ಆಳು ಕರೆಸೋರು ನೀವು. ಇವತ್ತೇನ್ರೀ ಇದು?"

ಅವನು ತಲೆ ಎತ್ತಲಿಲ್ಲ. "ನಿನ್ನೊಬ್ಬಳನ್ನೇ ಬಿಟ್ಟು ಹೊರಗೆ ಹೋಗೋಕೆ ಮನಸ್ಸಾಗಲಿಲ್ಲ."

ಅವಳ ಕಣ್ಣು ತುಂಬಿ ಬಂತು. ಈ ಹದಿಮೂರು ದಿನ ಅವಳನ್ನು ಹಿಡಿದು ನಿಲ್ಲಿಸಿದವನು ಅವನೇ. ಆಸ್ಪತ್ರೆಗೆ ಓಡಿದವನು, ತಮ್ಮನನ್ನು ಗುದ್ದಿ ನಿಲ್ಲದೆ ಹೋದವರು ಯಾರೆಂದು ದಿನಾ ಸ್ಟೇಷನ್ನಿಗೆ ಹೋಗಿ ಕೇಳಿ ಬಂದವನು, ನಜ್ಜುಗುಜ್ಜಾದ ಸ್ಕೂಟರ್ ಅವಳ ಕಣ್ಣಿಗೆ ಬೀಳದಂತೆ ನೋಡಿಕೊಂಡವನು ಎಲ್ಲ ಅವನೇ. ಆ ನಿಂಬೆಹಳದಿ ಸ್ಕೂಟರ್ ಅವಳೇ ಹಟ ಹಿಡಿದು ಆರಿಸಿಕೊಟ್ಟದ್ದು. "ಇದೆಂಥಾ ಬಣ್ಣ ಅಕ್ಕಾ, ಊರಲ್ಲೆಲ್ಲ ನಂದೊಂದೇ ಕಾಣುತ್ತೆ" ಎಂದು ತಮ್ಮ ಗೊಣಗಿದ್ದ.

ಒಳಗೆ ಹೋಗಿ ಕಾಫಿ ತಂದಳು.

"ಕುಡೀರಿ, ಅಷ್ಟರಲ್ಲಿ ನಾನು ಉಜ್ಜಿರ್ತೀನಿ."

"ಬೇಡ, ಬಿಡು. ಕೈಯೆಲ್ಲ ಕೊಳೆಯಾಗುತ್ತೆ."

"ಆಗಲಿ ಬಿಡಿ. ಸುಮ್ಮನೆ ಕೂತರೆ ಅವನದೇ ನೆನಪಾಗುತ್ತೆ."

ಲೋಟವನ್ನು ಅವನ ಕೈಗಿಟ್ಟು, ಗಾರ್ಡನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

ಅವನು ಇನ್ನೂ ಉಜ್ಜಿರದ ತುದಿಯಲ್ಲಿ ಬೆರಳುದ್ದಕ್ಕೆ ನಿಂಬೆಹಳದಿ ಬಣ್ಣ ಮೆತ್ತಿಕೊಂಡಿತ್ತು.