ಬಿರ್ಯಾನಿಗೂ ಬಗ್ಗದವನು

ನಾಲ್ಕನೆಯ ದಿನವೂ ಆ ಮನುಷ್ಯ ಊಟ ಬಿಟ್ಟು ಓಡಿದ.

ಮಹಮುದಾಳ ಜೀವ ಬಾಯಿಗೆ ಬಂತು. ಮಹಾರಾಷ್ಟ್ರ ಗಡಿಯ ಜತ್ತಿನ ಬಸ್ ಸ್ಟ್ಯಾಂಡಿನ ಹಿಂದೆ ಚರ್ಚಿನವರು ಮನೆಮಠವಿಲ್ಲದವರಿಗಾಗಿ ನಡೆಸುವ ಅಡುಗೆಮನೆಗೆ ಅವಳೇ ಯಜಮಾನಿ. ಪುಣೆ ಕಚೇರಿಯಿಂದ ಪತ್ರ ಬಂದಿತ್ತು. ಈ ವಾರ ಒಬ್ಬರು ವೇಷ ಮರೆಸಿಕೊಂಡು ತಪಾಸಣೆಗೆ ಬರುತ್ತಾರೆ, ಅಡುಗೆ ಮೆಚ್ಚದಿದ್ದರೆ ಒಲೆ ಬಂದ್.

ಸೋಮವಾರ ಹೊಸಬರು ಇಬ್ಬರು ಬಂದರು. ಒಬ್ಬ ತಿಕೋಂಡಿಯ ಮುರಗೆಪ್ಪ, ಬಾಯಿ ತುಂಬ ಮಾತು. ಇನ್ನೊಬ್ಬ ಪುಣೆ ಬಸ್ಸಿನಿಂದಲೇ ಇಳಿದವ. ಹರಕು ಅಂಗಿ, ಗೋಣಿಚೀಲ, ಮಾತೇ ಇಲ್ಲ. ವೇಷ ಬಲು ಚೆನ್ನಾಗಿತ್ತು.

“ಗುರ್ತ ಹಿಡದೀವಿ ಅಂತ ತೋರ್ಸಬ್ಯಾಡ್ರಿ. ಮಾತಾಡ್ಸಾಕೂ ಹೋಗಬ್ಯಾಡ್ರಿ,” ಎಂದರು ಚರ್ಚಿನ ಫಾದರ್.

ಅಂದು ರೊಟ್ಟಿ, ಝುಣಕ. ಮಹಮುದಾ ಬಾಗಿಲಿಗೆ ಬಂದು, ಸೌಟು ಬೀಸುತ್ತ ಎಂದಿನಂತೆ ಕೂಗಿದಳು: “ಊಟ! ಊಟ!” ಕಟ್ಟೆಯ ಮೇಲಿದ್ದವರೆಲ್ಲ ದಡಬಡ ಎದ್ದು ಕೈತೊಳೆಯಲು ನಡೆದರು. ಪುಣೆ ಬಸ್ಸಿನವನೂ ಎದ್ದ. ಚೀಲ ಎತ್ತಿಕೊಂಡು ಗೇಟು ದಾಟಿದ.

ರೊಟ್ಟಿ ದಪ್ಪವಾಯಿತೇನೋ ಎಂದು ಮಂಗಳವಾರ ಶೇಂಗಾ ಹೋಳಿಗೆ ಮಾಡಿದಳು. ಕೂಗು ಜೋರಾಯಿತು, ಅವನ ನಡಿಗೆಯೂ ಜೋರಾಯಿತು. ಬುಧವಾರ ಕೋಳಿ ಬಿರ್ಯಾನಿ. ಬೆನ್ನ ಹಿಂದೆಯೇ ನಿಂತು ಕೂಗಿದಳು. ಅವನು ಚಪ್ಪಲಿ ಬಿಟ್ಟು ಓಡಿದ. ಉಳಿದವರಿಗೆ ಮಾತ್ರ ಹಬ್ಬವೋ ಹಬ್ಬ.

“ಅವ್ರು ದಿನಾ ಹಿಂಗ ಸಿಟ್ಟಾಗ್ಲಿ ಅಕ್ಕಾರ,” ಎಂದ ಮುರಗೆಪ್ಪ, ಮೂರನೆಯ ಸಲ ತಟ್ಟೆ ಚಾಚುತ್ತ.

ಇಂದು ಶೀರ್ ಖುರ್ಮಾ. ಅದಕ್ಕೂ ಅವನು ಓಡಿದ್ದನ್ನು ಕಂಡು ಮಹಮುದಾ ಮೆಟ್ಟಿಲ ಮೇಲೆ ಕುಸಿದಳು. “ಮುಗೀತು. ನಮ್ಮ ಒಲಿ ಆರಿತು.”

“ಯಾಕ ಆರ್ತದ್ರಿ?” ಮುರಗೆಪ್ಪ ಬಟ್ಟಲು ನೆಕ್ಕಿ ಕೆಳಗಿಟ್ಟು, ಒಳಜೇಬಿನಿಂದ ಪುಣೆ ಕಚೇರಿಯ ಗುರುತಿನ ಚೀಟಿ ತೆಗೆದ. “ತಪಾಸಣಿಗೆ ಬಂದಾವ ನಾನು. ಅಡಗಿ ಭಾಳ ಚಲೋ. ಇನ್ನೆರಡ ದಿನ ತಪಾಸಣಿ ಮಾಡೇ ಹೋಗ್ತೀನಿ.”

ಮಹಮುದಾ ನಕ್ಕಳು, ಅತ್ತಳು, ಮತ್ತೆ ನಕ್ಕಳು. ಆಮೇಲೆ ಥಟ್ಟನೆ ಎದ್ದಳು. “ಹಂಗಾದ್ರ ಅವ ಯಾಕ ಓಡ್ತಾನ?”

ಸೌಟು ಹಿಡಿದೇ ರಸ್ತೆಗೆ ಧಾವಿಸಿ, ತಿರುವಿನಲ್ಲಿ ನಿಂತಿದ್ದ ಅವನ ಚೀಲ ಜಗ್ಗಿ, ಕಿವಿಯಲ್ಲೇ ಕೂಗಿದಳು: “ಊಟ!”

ಅವನು ಕೈಮುಗಿದು ಮರಾಠಿಯಲ್ಲಿ ಅಂಗಲಾಚಿದ: “ತಾಯೀ, ಪೊಲೀಸರೂ ಒಂದೇ ಸಲ ‘ಊಠ, ಎದ್ದೇಳು’ ಅಂತಾರೆ, ಎದ್ದೂ ಆಯಿತು, ಓಡಿಯೂ ಆಯಿತು, ಇನ್ನೂ ಎಷ್ಟು ಏಳಲಿ?”