ಓರೆಬಿಸಿಲಿನಲ್ಲಿ ಒಂದು ಹೆಸರು

"ಹೆಸರು ಹೇಳದಿದ್ದರೆ ಹೇಗೆ ಹುಡುಕಲಿ ಅಜ್ಜಿ?" ಫೋಟೊ ತೆಗೆಯಲು ಪಟ್ಟಣದಿಂದ ಬಂದಿದ್ದ ಸರ್ಬಿನಾಝ್ ಕ್ಯಾಮೆರಾದಿಂದ ಕಣ್ಣು ತೆಗೆದು ಕೇಳಿದಳು. ಕಿಝಿಲ್‌ಕುಮ್ ಮರುಭೂಮಿಯ ಆ ಹಾಳು ಕೋಟೆಯ ಮಣ್ಣುಗೋಡೆಯ ತುಂಬ ಕುರಿ ಕಾಯುವವರು ಚಾಕುವಿನಿಂದ ಕೊರೆದ ಹೆಸರುಗಳೇ.

"ಗಂಡನ ಹೆಸರು ಹೇಳೋದಾ? ನಮ್ಮಲ್ಲಿ ಯಾವ ಸೊಸೆ ಹೇಳಿದ್ದಾಳೆ?" ಎಂದಳು ಉಲ್ಬೋಸಿನ್ ಅಜ್ಜಿ.

"ಬರೆದಾದರೂ ತೋರಿಸಿ."

"ಬಾಯಿಗಿರೋ ನಾಚಿಕೆ ಕೈಗಿರಲ್ವೇನೇ?"

ಅಜ್ಜಿಯ ಗೂಡಾರ ಕೋಟೆಯಿದ್ದ ಗುಡ್ಡದ ಕೆಳಗಿತ್ತು. ತೀರಿಕೊಂಡ ಗಂಡನ ಒಂದು ಫೋಟೊ ಕೂಡ ಅವಳಲ್ಲಿರಲಿಲ್ಲ. ಹುಡುಗನಾಗಿದ್ದಾಗ ಅವನು ಇಲ್ಲಿ ಕೊರೆದ ಹೆಸರನ್ನು ಅವಳು ಮದುವೆಯಾದ ಹೊಸತರಲ್ಲಿ ಒಮ್ಮೆ ನೋಡಿದ್ದಳು. ಈಗ ಅವಳ ಕಣ್ಣು ಮಂಜು. ಗೋಡೆಯೋ ಬಾಯಿಬಿಟ್ಟು ನಿಂತಿತ್ತು, ಮುಂದಿನ ಹಿಮಕ್ಕೆ ಉಳಿಯುವಂತಿರಲಿಲ್ಲ. ಅದು ಬೀಳುವ ಮುನ್ನ ಆ ಹೆಸರಿನದಾದರೂ ಒಂದು ಫೋಟೊ ಅವಳಿಗೆ ಬೇಕಿತ್ತು. ಮಗನನ್ನು ಕೇಳೋಣವೆಂದರೆ ಅವನು ಕುರಿಗಳ ಹಿಂದೆ ಹೋಗಿದ್ದ.

ಸರ್ಬಿನಾಝ್ ಅಗಲದ ಲೆನ್ಸ್ ಹಾಕಿದಳು. ಕೋಟೆ, ಆಕಾಶ, ಮರಳು ಎಲ್ಲ ಬಂದವು, ಹೆಸರುಗಳು ಮಾತ್ರ ಇರುವೆಸಾಲಾದವು. ಉದ್ದದ ಲೆನ್ಸಿಗೆ ಒಂದು ಸಲಕ್ಕೆ ಮೊಳದಷ್ಟು ಗೋಡೆ. ನೆತ್ತಿಯ ಬಿಸಿಲಿನಲ್ಲಿ ಗೀರು ಕಾಣದೆ ಅದೂ ಬೋಳು. ಬಿಸಿಲು ಓರೆಯಾಗಲೆಂದು ಇಬ್ಬರೂ ಚಹಾ ಕುಡಿಯುತ್ತ ಕುಳಿತರು.

ಸೂರ್ಯ ಇಳಿದ. ಓರೆಬಿಸಿಲು ಬಿದ್ದದ್ದೇ ತಡ, ಗೋಡೆ ಹಣ್ಣಾದ ಏಪ್ರಿಕಾಟಿನ ಬಣ್ಣಕ್ಕೆ ತಿರುಗಿತು. ಒಂದೊಂದು ಗೀರಿಗೂ ನೆರಳು ಹುಟ್ಟಿತು. ನಿದ್ದೆಯಿಂದ ಎದ್ದವರಂತೆ ಹೆಸರುಗಳು ಒಂದೊಂದಾಗಿ ಮೇಲೆದ್ದವು. ಸರ್ಬಿನಾಝ್ ಕ್ಯಾಮೆರಾಕ್ಕೆ ಕಣ್ಣಿಟ್ಟಳು. ಇಂಥ ಚೆಲುವನ್ನು ಅವಳು ಕಂಡೇ ಇರಲಿಲ್ಲ. ಅಷ್ಟರಲ್ಲಿ ಬುಡದಿಂದ ಕತ್ತಲೆ ಗೋಡೆ ಹತ್ತತೊಡಗಿತು.

"ಅಜ್ಜಿ, ಬೆಳಕು ಹೋಗ್ತಿದೆ! ಯಾವುದು ಹೇಳಿಬಿಡಿ!"

ಅಜ್ಜಿ ಹೊಸ ಮದುವಣಗಿತ್ತಿಯ ಹಾಗೆ ಶಾಲನ್ನು ಮುಖದ ಮೇಲೆಳೆದುಕೊಂಡು ಏನೋ ಗೊಣಗಿದಳು.

"ಕೇಳಿಸಲಿಲ್ಲ!"

"ಪೆರ್ದೆಬಾಯ್!" ಅಜ್ಜಿ ಕೂಗಿಯೇಬಿಟ್ಟಳು. ಮುರುಕು ಬುರುಜುಗಳು ಆ ಹೆಸರನ್ನು ಒಂದಕ್ಕೊಂದು ದಾಟಿಸಿದವು. ಸರ್ಬಿನಾಝ್ ಲೆನ್ಸ್ ಹೊರಳಿಸಿ ಹುಡುಕಿದಳು. ಕತ್ತಲೆಯಂಚಿಗಿಂತ ಗೇಣು ಮೇಲೆ, ಸೊಟ್ಟ ಅಕ್ಷರಗಳಲ್ಲಿ ಪೆರ್ದೆಬಾಯ್ ಇದ್ದ. ಅವಳು ಕ್ಲಿಕ್ಕಿಸಿದಳು. ಬೆಳಕು ಆರಿತು.

"ಸಿಕ್ಕಿತು ಅಜ್ಜಿ! ಬನ್ನಿ, ನೋಡಿ!"

ಅಜ್ಜಿ ಇತ್ತ ತಿರುಗಲಿಲ್ಲ. ಕೋಟೆಯ ಕುಸಿದ ಬಾಗಿಲ ಕಡೆಗೆ ಕಿವಿಗೊಟ್ಟು ನಿಂತಿದ್ದಳು.

"ಸ್ವಲ್ಪ ಸುಮ್ನಿರೇ ಮಗಳೇ," ಎಂದಳು ಮೆಲ್ಲಗೆ. "ಒಂದು ದಿನಾನೂ ಹೆಸರು ಹಿಡಿದು ಕರೆದೋಳಲ್ಲ. ಓಗೊಡ್ತಾರೇನೋ ನೋಡೋಣ."